ನೂರ ಎಂಬತ್ತು ಹಾಕಿ ನೋಡಿ

ಗನ್ನವರಂ, ವಿಜಯವಾಡ
10 ಆಗಸ್ಟ್ 2025, ಭಾನುವಾರ

ಅಪ್ಪನಿಗೆ ಸಿಂಧೂರ ಮಾಡುವ ನಮಸ್ಕಾರಗಳು.

ಈ ಭಾನುವಾರ ನನ್ನ ಫೋನ್ ಬರಲಿಲ್ಲವೆಂದು ಅಮ್ಮ ಗಾಬರಿಯಾಗಿರಬೇಕು. ಈ ಐಐಟಿ ಕೋಚಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿ ವಾರಕ್ಕೊಮ್ಮೆ ಸಿಗುವ ಐದು ನಿಮಿಷದ ಫೋನ್ ಸರದಿಯನ್ನು ನನಗೆ ಮಾತ್ರ ರದ್ದು ಮಾಡಿದ್ದಾರೆ. ಕಾಗದ ಬರೆಯಲು ಅಡ್ಡಿಯಿಲ್ಲ. ಮನೆ ಬಿಡುವಾಗ ನೀವು ಹಾಕಿದ ಷರತ್ತಿನಂತೆ ಕನ್ನಡದಲ್ಲೇ ಬರೆಯುತ್ತಿದ್ದೇನೆ. ತಪ್ಪುಗಳನ್ನು ಯಾವಾಗಿನ ಹಾಗೆ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸ್ಸು ಕಳಿಸಿ. ಆದರೆ ಪೆನ್ನು ಕೈಗೆತ್ತಿಕೊಳ್ಳುವ ಮೊದಲು ಒಂದು ಸಲ ಪೂರ್ತಿ ಓದಿ, ಪ್ಲೀಸ್.

ಆಗಿದ್ದು ಇಷ್ಟು. ಕಳೆದ ವಾರದ ಟೆಸ್ಟಿನಲ್ಲಿ ಈ ನಿತ್ಯಸಮೀಕರಣವನ್ನು ಸಾಧಿಸಿ ಎಂದು ಕೇಳಿದ್ದರು:

√[(1 − sin θ)/(1 + sin θ)] = sec θ − tan θ

ನೀವೇ ಹೇಳಿಕೊಟ್ಟಂತೆ sin θ ಇರುವಲ್ಲಿ s, cos θ ಇರುವಲ್ಲಿ c ಬರೆದುಕೊಂಡು ಬೀಜಗಣಿತಕ್ಕೆ ಇಳಿಸಿದೆ. ನಾಲ್ಕೈದು ಸಾಲಿನಲ್ಲಿ ಮುಗಿಯುವ ಲೆಕ್ಕ. ಮುಗಿಸುವ ಹೊತ್ತಿಗೆ ಏನೋ ಕಸಿವಿಸಿಯಾಯಿತು. ಎಡಗಡೆ ಇರುವುದು ವರ್ಗಮೂಲ, ಅದು ಯಾವತ್ತೂ ಋಣವಾಗುವುದಿಲ್ಲ. ಬಲಗಡೆ ಇರುವುದು ಆಗಬಹುದಲ್ಲ? θಗೆ 180 ಡಿಗ್ರಿ ಹಾಕಿದೆ. ಎಡಗಡೆ 1 ಬಂತು, ಬಲಗಡೆ −1 ಬಂತು. ನಿತ್ಯಸಮೀಕರಣ ಎಂದರೆ ಯಾವ ಕೋನ ಹಾಕಿದರೂ ಎರಡು ಕಡೆಯೂ ಒಂದೇ ಬರಬೇಕು. ಅದಕ್ಕೇ "ಇದು ಎಲ್ಲ ಕೋನಗಳಿಗೂ ನಿಜವಲ್ಲ" ಎಂದು ಬರೆದು ಕಾರಣ ಕೊಟ್ಟೆ.

ಸೊನ್ನೆ ಕೊಟ್ಟರು. ಪಕ್ಕದಲ್ಲಿ ಕೂರುವ ದುರ್ಗಾಭವಾನಿ "ಬಿಟ್ಟಾಕೇ" ಅಂದಳು. ನಾನು ಬಿಡಲಿಲ್ಲ. ಮ್ಯಾಥ್ಸ್ ಲೆಕ್ಚರರ್ ಈಶ್ವರಯ್ಯ ಸಾರ್ ಬಂದಾಗ ಬೋರ್ಡಿನ ಮೇಲೆ ಬರೆದು ತೋರಿಸಿದೆ. ಕ್ಲಾಸಿನಲ್ಲಿ ಎಪ್ಪತ್ತೆರಡು ಜನ. ಎಲ್ಲರೂ ನಕ್ಕರು. ಸಾರ್ ನಗಲಿಲ್ಲ. "ಕೂತ್ಕೋ" ಅಂದರು. ಕೂರಲಿಲ್ಲ. ಅಷ್ಟರಲ್ಲಿ ಪ್ರಿನ್ಸಿಪಾಲ್ ರೌಂಡ್ಸಿಗೆ ಬಂದರು. "ಪುಸ್ತಕ ಬರೆದವರಿಗಿಂತ ನೀನು ದೊಡ್ಡವಳಾ?" ಎಂದು ಕೇಳಿದರು. ನಾನು, "ಅಲ್ಲ ಸಾರ್, ಆದರೆ 180 ಹಾಕಿ ನೋಡಿ" ಅಂದೆ. ಅದೇ ದೊಡ್ಡ ಅಪರಾಧವಾಯಿತು.

ನಾನು ತಪ್ಪೊಪ್ಪಿಕೊಂಡು ಬರೆದುಕೊಡಬೇಕಂತೆ. ಜೊತೆಗೆ ನಿಮ್ಮ ಸಹಿಯಿರುವ ಕ್ಷಮಾಪಣೆಯೂ ಬರಬೇಕಂತೆ. ಅಲ್ಲಿಯವರೆಗೆ ಸ್ಟಡಿ ಅವರ್ಸಿನಲ್ಲಿ ಕಾರಿಡಾರಿನಲ್ಲಿ ಕೂರಬೇಕು, ಫೋನ್ ಇಲ್ಲ, ದಸರಾ ರಜೆಯೂ ಇಲ್ಲ. ಅಪ್ಪಾ, ನನಗೆ ಅಂಕ ಬೇಡ. ನೀವು ಒಂದೇ ಒಂದು ಸಲ 180 ಹಾಕಿ ನೋಡಿ ನನಗೆ ಬರೆಯಿರಿ. ಬೇರೇನೂ ಕೇಳುವುದಿಲ್ಲ.

ನಿಮ್ಮ ಮಗಳು,
ಸಿಂಧೂರ

* * *

ವಿಶಾಖಪಟ್ಟಣ
17 ಆಗಸ್ಟ್ 2025

ಚಿ. ಸಿಂಧೂರಳಿಗೆ ಅಪ್ಪ ಜಯದೇವನ ಆಶೀರ್ವಾದಗಳು.

ನಿನ್ನ ಕಾಗದ ಬಂತು. ಹನ್ನೊಂದು ತಪ್ಪುಗಳಿವೆ. ತಿದ್ದಿ ಇದರೊಳಗೇ ಇಟ್ಟಿದ್ದೇನೆ. ನಿನ್ನ ಅಮ್ಮನಿಗೆ ಓದಿ ಹೇಳಿದೆ. ಅವಳಿಗೆ ನಮ್ಮ ಗುಬ್ಬಿ ಕಡೆಯ ಕನ್ನಡ ಮಾತಾಡಲು ಬಂದರೂ ಓದಲು ಇನ್ನೂ ಬರಲಿಲ್ಲವಲ್ಲ! ಕೇಳಿದವಳೇ ಅಡುಗೆಮನೆಗೆ ಹೋಗಿ ಕೂತಿದ್ದಾಳೆ.

ಅಲ್ಲಮ್ಮಾ, ನಿನಗೆ ಏನಾಗಿದೆ? ಎಂಟನೇ ಕ್ಲಾಸಿನಿಂದ ಊಟದ ಟೇಬಲ್ಲಿನ ಮುಂದೆ ಕೂರಿಸಿಕೊಂಡು ಹೇಳಿಕೊಟ್ಟಿದ್ದೇನು? ಎಡಗಡೆಯಿಂದ ಹೊರಡು, ಬಲಗಡೆ ತಲುಪು, ನಡುವೆ ಅತ್ತಿತ್ತ ನೋಡಬೇಡ. ಕೋನ ಹಾಕಿ ನೋಡುವುದು ಸಾಧನೆಯಲ್ಲ ಎಂದು ಎಷ್ಟು ಸಲ ಕೈಬೆರಳಿಗೆ ಸ್ಕೇಲಿನಲ್ಲಿ ತಟ್ಟಿದ್ದೇನೆ? ಮೂವತ್ತು ಹಾಕಿದೆ, ಅರವತ್ತು ಹಾಕಿದೆ, ಸರಿ ಬಂತು ಎನ್ನುವುದು ಸೋಮಾರಿಗಳ ದಾರಿ. ಹಾಕಿ ನೋಡಿ ತಪ್ಪು ಬಂತು ಎನ್ನುವುದು ಅದಕ್ಕಿಂತ ದೊಡ್ಡ ಸೋಮಾರಿತನ. ಎಲ್ಲೋ ಚಿಹ್ನೆ ತಪ್ಪಿಸಿರುತ್ತೀಯ. ಆದ್ದರಿಂದ ನಾನು 180ನ್ನೂ ಹಾಕುವುದಿಲ್ಲ, 190ನ್ನೂ ಹಾಕುವುದಿಲ್ಲ. ಸಾಧಿಸಿ ತೋರಿಸುತ್ತೇನೆ. ಬೇರೆ ಹಾಳೆಯಲ್ಲಿ ಬರೆದಿದ್ದೇನೆ, ಇಲ್ಲೂ ನೋಡು:

√[(1 − s)/(1 + s)]
= √[(1 − s)²/(1 − s²)]
= √[(1 − s)²/c²]
= (1 − s)/c
= 1/c − s/c = sec θ − tan θ

ಮೇಲೂ ಕೆಳಗೂ (1 − s)ನಿಂದ ಗುಣಿಸಿದೆ, s² + c² = 1 ಎಂಬುದನ್ನು ಬಳಸಿದೆ, ವರ್ಗಮೂಲ ತೆಗೆದೆ, ಮುಗಿಯಿತು. ಇದರಲ್ಲಿ ತಕರಾರು ಎಲ್ಲಿದೆ? ಬೀಜಗಣಿತ ಸುಳ್ಳು ಹೇಳುತ್ತದೆಯೇ?

ಹತ್ತನೇ ಕ್ಲಾಸು ಮುಗಿಸಿ ನೌಕಾಪಡೆಗೆ ಸೇರಿದವನು ನಾನು. ಮುಂದಿನ ಗಣಿತವನ್ನೆಲ್ಲ ಇಲ್ಲಿನ ಮೇಷ್ಟರುಗಳ ಮುಂದೆ ನಿಂತು, ಬೈಸಿಕೊಂಡು ಕಲಿತೆ. ಒಬ್ಬರಿಗೂ ಎದುರಾಡಲಿಲ್ಲ. ಎಪ್ಪತ್ತೆರಡು ಮಕ್ಕಳ ಮುಂದೆ ಗುರುಗಳಿಗೆ ಹಾಗೆ ಹೇಳುವುದು ದೊಡ್ಡಸ್ತಿಕೆಯಲ್ಲ. ಹೋಗಿ ಕ್ಷಮೆ ಕೇಳು. ಅದರಿಂದ ನಿನ್ನ ತಲೆಯ ಕಿರೀಟವೇನೂ ಬೀಳುವುದಿಲ್ಲ.

ಅಮ್ಮ ಅನಕಾಪಲ್ಲಿ ಬೆಲ್ಲ ಹಾಕಿ ನಿನ್ನ ಇಷ್ಟದ ಕವಡೆಯಾಕಾರದ ಸಿಹಿ, ಗವ್ವಲು, ಮಾಡಿ ಡಬ್ಬಿ ಕಟ್ಟಿದ್ದಾಳೆ. ಪಟಮಟದ ಬಾಬ್ಜಿ ಮಾವನಿಗೆ ಕಳಿಸಿದ್ದೇವೆ, ಅವನು ಹಾಸ್ಟೆಲಿಗೆ ತಂದುಕೊಡುತ್ತಾನೆ. ಎಲ್ಲರಿಗೂ ಹಂಚಿ ತಿನ್ನು.

ಇಂತಿ,
ಜಯದೇವ

* * *

ಗನ್ನವರಂ
24 ಆಗಸ್ಟ್ 2025

ಅಪ್ಪಾ,

ಹನ್ನೊಂದು ತಪ್ಪುಗಳನ್ನೂ ನೋಡಿದೆ. ಕಾರಿಡಾರಿನಲ್ಲಿ ಕೂತು ನಾನು ಅಳುತ್ತಾ ಬರೆದ ಸಾಲಿನ ಕೆಳಗೂ ಕೆಂಪು ಗೀಟು ಇದೆ. ನೀವು ಓದಿದ್ದೀರೋ, ಬರೀ ತಿದ್ದಿದ್ದೀರೋ ತಿಳಿಯಲಿಲ್ಲ.

ನಿಮ್ಮ ನಾಲ್ಕನೇ ಸಾಲು ನೋಡಿ. c²ನ ವರ್ಗಮೂಲ c ಎಂದು ಬರೆದಿದ್ದೀರಿ. c ಋಣವಾಗಿದ್ದರೆ? −1ರ ವರ್ಗ 1. 1ರ ವರ್ಗಮೂಲ ಮತ್ತೆ −1 ಆಗುತ್ತದೆಯೇ? ಆಗುವುದಿಲ್ಲವಲ್ಲ ಅಪ್ಪಾ. c ಎಂದು ಒಂದು ಅಕ್ಷರ ಬರೆದ ಕೂಡಲೇ ಅದರೊಳಗೆ ಧನವಿದೆಯೋ ಋಣವಿದೆಯೋ ಮರೆತುಹೋಗುತ್ತದೆ. ನನಗೂ ಮರೆತಿತ್ತು. ನೂರು ಕೋನ ಸರಿ ಬಂದರೂ ಸಾಧನೆಯಾಗುವುದಿಲ್ಲ, ನೀವು ಹೇಳಿದ್ದು ಸರಿ. ಆದರೆ ಒಂದೇ ಒಂದು ಕೋನ ತಪ್ಪಿದರೂ ಅದು ನಿತ್ಯಸಮೀಕರಣವಲ್ಲ. ಎರಡೂ ಒಂದೇ ಅಲ್ಲ.

ಇನ್ನೊಂದು ಮಾತು ಬರೆಯಬೇಕು, ನೀವು ನಂಬಲೇಬೇಕು. ಗುರುವಾರ ಸಂಜೆ ಈಶ್ವರಯ್ಯ ಸಾರ್ ಕಾರಿಡಾರಿಗೆ ಬಂದು ನನ್ನ ಪಕ್ಕದ ಮೆಟ್ಟಿಲ ಮೇಲೆ ಕೂತರು. ಮೆಲ್ಲಗೆ, "ನೀನು ಹೇಳಿದ್ದು ಸರಿ ಅಮ್ಮಾ. ನನಗೆ ಅವತ್ತೇ ಗೊತ್ತಾಯ್ತು" ಅಂದರು. ನನಗೆ ಜೀವ ಬಂದ ಹಾಗಾಯಿತು. ಆಮೇಲೆ ಹೇಳಿದರು: "ಎಲ್ಲ ಬ್ರಾಂಚಿಗೂ ಒಂದೇ ಪೇಪರು, ಒಂದೇ ಆನ್ಸರ್ ಕೀ. ಕೀಯಲ್ಲಿ ನಿನ್ನ ಉತ್ತರ ಇಲ್ಲ. ನಿನಗೊಬ್ಬಳಿಗೆ ಅಂಕ ಹಾಕಿದರೆ ಕೀ ತಪ್ಪು ಎಂದು ಬರೆದುಕೊಡಬೇಕಾಗುತ್ತೆ. ನನಗೆ ಐವತ್ತೆರಡು ವಯಸ್ಸು. ಸಾರಿ ಚೆಪ್ಪೇಯ್ ತಲ್ಲೀ, ಹೇಳಿಬಿಡಮ್ಮಾ." ಎದ್ದು ಹೋಗುವಾಗ ನನ್ನ ತಲೆ ಮುಟ್ಟಿದರು.

ಗೊತ್ತಿದ್ದೂ ಸುಳ್ಳು ಬರೆದುಕೊಡು ಎನ್ನುವವರು ಇಲ್ಲಿದ್ದಾರೆ. ಗೊತ್ತು ಮಾಡಿಕೊಳ್ಳುವುದೇ ಇಲ್ಲ ಎನ್ನುವವರು ನೀವು. ನನಗೆ ಯಾರ ಹತ್ತಿರ ಹೋಗಬೇಕೋ ತಿಳಿಯುತ್ತಿಲ್ಲ. ಮೂರು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಗವ್ವಲು ಭವಾನಿಗೆ ಕೊಟ್ಟೆ.

ಚಿಕ್ಕವಳಿದ್ದಾಗ ನೇವಿ ಕ್ವಾರ್ಟರ್ಸಿನ ತಾರಸಿಯ ಮೇಲೆ ಉತ್ತರಕ್ಕೆ ಮುಖ ಮಾಡಿ ನಿಲ್ಲಿಸಿ, "90!" "180!" "270!" ಎಂದು ಕೂಗಿ ನನ್ನನ್ನು ತಿರುಗಿಸುತ್ತಿದ್ದಿರಲ್ಲ. 180 ಅಂದರೆ ಬೆನ್ನು ತಿರುಗಿಸಿ ನಿಲ್ಲುವುದು ಎಂದು ನಿಮ್ಮಿಂದಲೇ ಕಲಿತದ್ದು. ಹಾಕಿ ನೋಡಿ ಅಪ್ಪಾ. ಎರಡು ನಿಮಿಷ ಸಾಕು.

ಸಿಂಧೂರ

* * *

ವಿಶಾಖಪಟ್ಟಣ
31 ಆಗಸ್ಟ್ 2025

ಸಿಂಧೂ,

ನಾಡಿದ್ದು ಹಡಗು ಹೊರಡುತ್ತದೆ. ಮೂರೂವರೆ ವಾರ ನಾನು ಸಿಗುವುದಿಲ್ಲ. ಆದ್ದರಿಂದ ಈ ವಿಷಯವನ್ನು ಇಲ್ಲಿಗೇ ಮುಗಿಸಿದ್ದೇನೆ.

ತೆಲುಗಿನಲ್ಲಿ ಕ್ಷಮಾಪಣೆ ಬರೆದು ಸಹಿ ಹಾಕಿ ಪ್ರಿನ್ಸಿಪಾಲರಿಗೆ ಕಳಿಸಿದ್ದೇನೆ. "ನನ್ನ ಮಗಳ ವಾದ ತಪ್ಪು, ನಾನೇ ಲೆಕ್ಕ ಸಾಧಿಸಿ ನೋಡಿದ್ದೇನೆ" ಎಂದು ಬರೆದು, ಆ ಐದು ಸಾಲುಗಳನ್ನೂ ಜೊತೆಗಿಟ್ಟಿದ್ದೇನೆ. ನೀನೂ ಸಹಿ ಹಾಕು, ದಸರಾಕ್ಕೆ ಮನೆಗೆ ಬಾ. ಮೇಷ್ಟರು ಗುಟ್ಟಾಗಿ ಬಂದು ಹಾಗೆ ಹೇಳಿದರು ಎನ್ನುವುದು ನಂಬುವ ಮಾತಲ್ಲ. ಹಟಕ್ಕೆ ಬಿದ್ದು ಗುರುಗಳ ಮೇಲೆ ಕಥೆ ಕಟ್ಟಬೇಡ. ನನಗೆ ಅದೇ ಹೆಚ್ಚು ಬೇಜಾರಾಯಿತು.

ಈ ಸಲ ನಾಲ್ಕೇ ತಪ್ಪು. ತಿದ್ದಿ ಇಟ್ಟಿದ್ದೇನೆ. ಕನ್ನಡ ಸುಧಾರಿಸಿದೆ.

ಊಟ ಬಿಡಬೇಡ. ಈ ಹಾಸ್ಟೆಲುಗಳ ಬಗ್ಗೆ ಪೇಪರಿನಲ್ಲಿ ಬರುವುದನ್ನೆಲ್ಲ ಓದಿ ನಿನ್ನ ಅಮ್ಮ ನಿದ್ದೆ ಬಿಟ್ಟಿದ್ದಾಳೆ.

ಅಪ್ಪ

* * *

ಗನ್ನವರಂ
14 ಸೆಪ್ಟೆಂಬರ್ 2025

ಅಪ್ಪನಿಗೆ,

ನಾನು ಬರೆದುಕೊಟ್ಟೆ.

ನಿಮ್ಮ ಕಾಗದವನ್ನು ಪ್ರಿನ್ಸಿಪಾಲ್ ಕ್ಲಾಸಿಗೆ ತಂದು ಓದಿದರು. "ನೋಡಿ, ನೇವಿಯಲ್ಲಿರುವ ಇವಳ ತಂದೆಯೇ ಸಾಧಿಸಿ ಕಳಿಸಿದ್ದಾರೆ" ಅಂದರು. ನಿಮ್ಮ ಐದು ಸಾಲುಗಳನ್ನು ನನ್ನ ಕೈಯಲ್ಲೇ ಬೋರ್ಡಿನ ಮೇಲೆ ಬರೆಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಈಶ್ವರಯ್ಯ ಸಾರ್ ಕಿಟಕಿಯ ಕಡೆ ನೋಡುತ್ತಾ ನಿಂತಿದ್ದರು. ಆಮೇಲೆ "ಈ ಸಮೀಕರಣ ಎಲ್ಲ ಕೋನಗಳಿಗೂ ನಿಜ" ಎಂದು ಐವತ್ತು ಸಲ ಬರೆದೆ. ಇಪ್ಪತ್ತರ ತನಕ ಸುಳ್ಳು ಬರೆಯುತ್ತಿದ್ದೇನೆ ಎಂದು ಗೊತ್ತಾಗುತ್ತಿತ್ತು. ಆಮೇಲೆ ಅದೂ ಗೊತ್ತಾಗಲಿಲ್ಲ.

ಈಗ ನನ್ನನ್ನು ಕ್ಲಾಸಿನೊಳಗೆ ಕೂರಿಸುತ್ತಾರೆ. ಫೋನ್ ಸರದಿಯೂ ಸಿಕ್ಕಿದೆ, ನಾನೇ ಹೋಗುವುದಿಲ್ಲ. ಲೆಕ್ಕ ಮಾಡಲು ಕೂತರೆ ಮೊದಲನೇ ಸಾಲಿನಲ್ಲೇ ಕೈ ನಿಲ್ಲುತ್ತದೆ. ನನಗೆ ಸರಿ ಕಂಡದ್ದು ಸರಿಯೋ ಅಲ್ಲವೋ ಎಂದು ಯಾರನ್ನು ಕೇಳುವುದು? ನಿನ್ನೆ ಟೆಸ್ಟಿನಲ್ಲಿ ಮೂರು ಪ್ರಶ್ನೆಗಳನ್ನು ಖಾಲಿ ಬಿಟ್ಟೆ. ಉತ್ತರ ಗೊತ್ತಿತ್ತು. ಗೊತ್ತು ಎಂದು ನಂಬಲು ಆಗಲಿಲ್ಲ.

ಇನ್ನು ಕಾಗದ ಬರೆಯುವುದಿಲ್ಲ. ತಿದ್ದುವ ಕಷ್ಟ ನಿಮಗೂ ಬೇಡ.

ಸಿಂಧೂರ

* * *

ಸಮುದ್ರದ ಮೇಲಿನಿಂದ
22 ಸೆಪ್ಟೆಂಬರ್ 2025

ನನ್ನ ಸಿಂಧೂಗೆ,

ಈ ಕಾಗದವನ್ನು ಇಲ್ಲಿಂದ ಹಾಕಲು ಅಂಚೆಪೆಟ್ಟಿಗೆಯಿಲ್ಲ. ದಡ ಮುಟ್ಟಿದ ಕೂಡಲೇ ಹಾಕುತ್ತೇನೆ. ಆದರೂ ಈಗಲೇ ಬರೆಯದಿದ್ದರೆ ನನ್ನ ಎದೆ ಒಡೆಯುತ್ತದೆ.

ಬೆಳಗ್ಗೆ ಹತ್ತರ ಹೊತ್ತಿಗೆ ನಕ್ಷೆಯ ಮೇಜಿನ ಮುಂದೆ ನಿಂತಿದ್ದೆ. ಹಡಗು ಎಲ್ಲಿದೆ ಎಂದು ಯಂತ್ರ ತಾನೇ ತೋರಿಸುತ್ತದೆ. ಆದರೂ ದಿನಕ್ಕೊಂದು ಸಲ ಕೈಯಲ್ಲಿ ಲೆಕ್ಕ ಹಾಕುವ ರೂಢಿ ನಮಗೆ. ಹೋದ ಮೈಲಿಯನ್ನು ದಿಕ್ಕಿನ ಕೋನದ ಕಾಸ್‌ನಿಂದ ಗುಣಿಸಿದರೆ ಎಷ್ಟು ಮೈಲಿ ಉತ್ತರಕ್ಕೆ ಬಂದೆವು ಎಂದು ತಿಳಿಯುತ್ತದೆ. ಲೆಕ್ಕ ಋಣವಾಗಿ ಬಂದರೆ ದಕ್ಷಿಣಕ್ಕೆ ಹೋದೆವು ಎಂದರ್ಥ. ಇವತ್ತು ಬೆಳಗಿನ ಜಾವದಿಂದ ನಮ್ಮ ದಿಕ್ಕು 180, ನೇರ ದಕ್ಷಿಣ. ನಲವತ್ತು ಮೈಲಿ, ಕಾಸ್ 180, ಮೈನಸ್ ನಲವತ್ತು. ಬರೆದೆ. ಪೆನ್ನು ಅಲ್ಲೇ ನಿಂತಿತು.

ಇಪ್ಪತ್ತೊಂದು ವರ್ಷದಿಂದ ಈ ಮೈನಸ್ಸನ್ನು ಬರೆಯುತ್ತಿದ್ದೇನೆ ಮಗಳೇ. ಒಂದು ದಿನ ಅದನ್ನು ಮರೆತರೆ ಇನ್ನೂರು ಚಿಲ್ಲರೆ ಜನರಿರುವ ಹಡಗನ್ನು ಉತ್ತರದಲ್ಲಿದೆ ಎಂದು ತೋರಿಸಿಬಿಡುತ್ತೇನೆ. ಇಲ್ಲಿ ಒಮ್ಮೆಯೂ ಮರೆಯಲಿಲ್ಲ. ನಿನ್ನ ಲೆಕ್ಕದಲ್ಲಿ ಮರೆತೆ. c ಎಂದು ಬರೆದೆ, ಅದರ ಹೊಟ್ಟೆಯಲ್ಲಿ ಏನಿದೆ ಎಂದು ನೋಡಲಿಲ್ಲ. ಲಾಗ್ ಪುಸ್ತಕದ ಪಕ್ಕದಲ್ಲೇ ಒಂದು ಚೀಟಿಯ ಮೇಲೆ ಹಾಕಿ ನೋಡಿದೆ. ಎಡಗಡೆ 1. ಬಲಗಡೆ −1. ನೀನು ಹೇಳಿದಂತೆ ಎರಡು ನಿಮಿಷವೂ ಬೇಕಾಗಲಿಲ್ಲ.

ನೀನು ಸರಿ. ನಾನು ತಪ್ಪು. ನನ್ನ ನಾಲ್ಕನೇ ಸಾಲು ತಪ್ಪು. ನಿನ್ನ ಮೇಷ್ಟರ ಮಾತನ್ನೂ ನಂಬಲಿಲ್ಲ, ನೀನು ಕಥೆ ಕಟ್ಟಿದೆ ಎಂದೆ. ಅಯ್ಯೋ, ಆ ಸಾಲನ್ನು ಹೇಗೆ ಬರೆದೆನೋ!

ಸಿಂಧೂ, ನೀನು ಸಹಿ ಹಾಕಬೇಡ. ಏನೇ ಆಗಲಿ ಹಾಕಬೇಡ. ನನ್ನ ಕಾಗದವನ್ನು ನಾನು ವಾಪಸ್ಸು ತೆಗೆದುಕೊಳ್ಳುತ್ತೇನೆ. ನೀನು ಹಟಮಾರಿ ಎಂದು ಅಷ್ಟು ಬೈದೆನಲ್ಲ, ಆ ಹಟವನ್ನು ಇನ್ನೊಂದು ವಾರ ಹಿಡಿದುಕೊಂಡಿರು ತಾಯಿ.

ನಿನ್ನ ಅಪ್ಪ

* * *

ವಿಶಾಖಪಟ್ಟಣ
28 ಸೆಪ್ಟೆಂಬರ್ 2025, ಭಾನುವಾರ

ಸಿಂಧೂ,

ಶುಕ್ರವಾರ ಮನೆಗೆ ಬಂದೆ. ಹದಿನಾಲ್ಕನೇ ತಾರೀಖಿನ ನಿನ್ನ ಕಾಗದ ಟಿವಿಯ ಮೇಲೆ ಒಡೆಯದೆ ಇತ್ತು. ಅಮ್ಮ ಎರಡು ವಾರದಿಂದ ಅದನ್ನು ಮುಟ್ಟಿ ಮುಟ್ಟಿ ನೋಡಿದ್ದಾಳೆ, ಅಂಚು ಕಪ್ಪಾಗಿದೆ. ಓದಿ ಹೇಳು ಎಂದಳು. ಎರಡನೇ ಸಾಲಿಗೆ ನಿಲ್ಲಿಸಿದೆ, ಅವಳು ಬಿಡದೆ ಪೂರ್ತಿ ಓದಿಸಿದಳು. ಆಮೇಲೆ ಅವಳು ನನ್ನನ್ನು ಬೈದ ಬೈಗುಳವನ್ನು ಇಲ್ಲಿ ಬರೆಯಲಾರೆ. ಬೈಯಲಿ. ಹದಿನೆಂಟು ವರ್ಷದ ಸಂಸಾರದಲ್ಲಿ ಹಿಮಬಿಂದು ನನ್ನನ್ನು ಹಾಗೆ ಬೈದದ್ದೇ ಇಲ್ಲ.

ಇವತ್ತು ರತ್ನಾಚಲ್ ರೈಲಿನಲ್ಲಿ ನೀನು ಬರುತ್ತೀಯೆಂದು ಹನ್ನೊಂದಕ್ಕೇ ಸ್ಟೇಷನ್ನಿಗೆ ಹೋದೆವು. ಗಾಡಿ ಬಂತು, ಜನ ಎಲ್ಲ ಇಳಿದರು, ಪ್ಲಾಟ್‌ಫಾರಂ ಖಾಲಿಯಾಯಿತು. ಬಾಬ್ಜಿಗೆ ಫೋನ್ ಮಾಡಿದರೆ, "ಬಾವಾ, ನಾನು ಹಾಸ್ಟೆಲ್ ಹತ್ರ ಹೋಗಿದ್ದೆ, ಅಮ್ಮಾಯಿ ಸ್ಪೆಷಲ್ ಕ್ಲಾಸಿಗೆ ಹೆಸರು ಕೊಟ್ಟಿದೀನಿ ಅಂದಳು, ರಜೆಗೆ ಬರಲ್ಲ ಅಂದಳು" ಎಂದ. ಬರಬೇಡವೆಂದು ಅವರು ತಡೆದಿಲ್ಲ. ನೀನೇ ಬರಲಿಲ್ಲ.

ಅಮ್ಮ ಸ್ಟೇಷನ್ನಿನ ಬೆಂಚಿನ ಮೇಲೆ ಕೂತವಳು ಏಳಲೇ ಇಲ್ಲ. ನನ್ನನ್ನು ನೋಡಿ ಒಂದೇ ಮಾತು ಕೇಳಿದಳು: "ಅವಳು ಕೇಳಿದ್ದು ಎಷ್ಟು ಹೊತ್ತಿನ ಕೆಲಸ?" ಎರಡು ನಿಮಿಷದ್ದು ಎಂದೆ.

ನಿನ್ನ ಕಾಗದದಲ್ಲಿ ಮೂರು ತಪ್ಪುಗಳಿವೆ. ಕಣ್ಣಿಗೆ ಬಿದ್ದೇ ಬಿದ್ದವು, ಹಾಳು ಅಭ್ಯಾಸ. ಪೆನ್ನು ಮುಟ್ಟಲಿಲ್ಲ. ಆ ಮೂರೂ ಹಾಗೇ ಇರಲಿ. ನಾಳಿದ್ದು ರಜೆ ಹಾಕಿ ಬರುತ್ತಿದ್ದೇನೆ.

ಅಪ್ಪ

* * *

ಪಟಮಟ, ವಿಜಯವಾಡ
1 ಅಕ್ಟೋಬರ್ 2025

ಸಿಂಧೂ,

ಬಾಬ್ಜಿಯ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಊರೆಲ್ಲ ಅಮ್ಮನವರ ದರ್ಶನಕ್ಕೆ ಬೆಟ್ಟದ ಕಡೆ ಹೋಗುತ್ತಿದೆ. ನಾನು ನಿನ್ನ ದರ್ಶನ ಸಿಗದೆ ವಾಪಸ್ಸು ಬಂದವನು.

ಬೆಳಗ್ಗೆ ಹತ್ತಕ್ಕೆ ನಿನ್ನ ಹಾಸ್ಟೆಲಿನ ವಿಸಿಟರ್ಸ್ ರೂಮಿನಲ್ಲಿ ಕೂತೆ. ವಾರ್ಡನ್ ಭ್ರಮರಾಂಬ ಮೇಲೆ ಹೋಗಿ ಬಂದು, "ರಾನಂಟೋಂದಿ ಸಾರ್" ಅಂದರು. ಬರುವುದಿಲ್ಲವಂತೆ. ಇನ್ನೊಂದು ಸಲ ಕೇಳಿ ಎಂದೆ. ಮಧ್ಯಾಹ್ನ ಮತ್ತೆ ಹೋಗಿ ಬಂದರು. ಅದೇ ಮಾತು. ಪಾಪ, ಅವರೇ ಟೀ ತಂದುಕೊಟ್ಟರು. ಅದು ಹಾಗೇ ತಣ್ಣಗಾಯಿತು.

ನಡುವೆ ಪ್ರಿನ್ಸಿಪಾಲರನ್ನು ಕಂಡೆ. ಅವರ ಮೇಜಿನ ಮೇಲೆ ಹೊಸ ಕಾಗದ ಇಟ್ಟೆ. ತೆಲುಗಿನಲ್ಲಿ ಬರೆದದ್ದು, ಅದರ ಅರ್ಥ ಇಷ್ಟು:

"ಆಗಸ್ಟ್ 31ರಂದು ನಾನು ಸಹಿ ಮಾಡಿ ಕೊಟ್ಟ ಕ್ಷಮಾಪಣೆಯನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ. ನಾನು ಕಳಿಸಿದ ಸಾಧನೆಯ ನಾಲ್ಕನೇ ಸಾಲು ತಪ್ಪು. θ = 180 ಆದಾಗ ಎಡಗಡೆ 1, ಬಲಗಡೆ −1. ನನ್ನ ಮಗಳು ಸಿಂಧೂರ ಬರೆದ ಉತ್ತರ ಸರಿ. ಅವಳು ಕ್ಷಮೆ ಕೇಳಬೇಕಾದ್ದು ಏನೂ ಇರಲಿಲ್ಲ. ನನ್ನ ಮೊದಲ ಕಾಗದವನ್ನು ಕ್ಲಾಸಿನಲ್ಲಿ ಓದಿದಂತೆ ಇದನ್ನೂ ಓದಬೇಕೆಂದು ಕೋರುತ್ತೇನೆ. ಜಯದೇವ, ಚೀಫ್ ಪೆಟಿ ಆಫೀಸರ್."

ಅವರು ಎರಡು ಸಲ ಓದಿ, "ನೋಡೋಣ" ಅಂದರು.

ಹೊರಗೆ ಈಶ್ವರಯ್ಯ ಸಾರ್ ಸಿಕ್ಕರು. ನಾನು ಜಗಳಕ್ಕೆ ತಯಾರಾಗಿಯೇ ಹೋಗಿದ್ದೆ. ಅವರು ಕೈ ಮುಗಿದುಬಿಟ್ಟರು. ಏನೆಂದರು ಗೊತ್ತೇ? "ಸಾರ್, ನಾನು ಪುಕ್ಕಲ. ನಿಮ್ಮ ಮೇಲೆ ಆಸೆ ಇಟ್ಕೊಂಡಿದ್ದೆ. ತಂದೆ ಬಂದು 'ನನ್ನ ಮಗಳು ಹೇಳಿದ್ದು ಸರಿ' ಅಂತ ನಿಂತ್ರೆ ನಾನೂ ಪಕ್ಕದಲ್ಲಿ ನಿಂತ್ಕೋಬಹುದು ಅಂತ ದಿನಾ ಗೇಟ್ ನೋಡ್ತಿದ್ದೆ. ಬಂದದ್ದು ನಿಮ್ಮ ಕ್ಷಮಾಪಣೆ." ನನಗೆ ನಿಂತಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ನಾಲ್ಕಕ್ಕೆ ವಿಸಿಟರ್ಸ್ ರೂಮಿನ ಬಾಗಿಲು ಹಾಕಿದರು. ಅಂಗಳಕ್ಕೆ ಬಂದೆ. ನೀನು ಮೂರನೇ ಮಹಡಿ ಎಂದು ಗೊತ್ತು, ಯಾವ ಕಿಟಕಿಯೋ ಗೊತ್ತಿಲ್ಲ. ಹೊರಡಲು ತಿರುಗಿದೆ, ಆಗ ನೀನು ಬರೆದದ್ದು ನೆನಪಾಯಿತು, 180 ಅಂದರೆ ಬೆನ್ನು ತಿರುಗಿಸಿ ನಿಲ್ಲುವುದು ಎಂದು. ಇನ್ನೊಂದು ಸಲ ನಿನಗೆ ಬೆನ್ನು ಹಾಕಲು ನನ್ನಿಂದ ಆಗಲಿಲ್ಲ. ಕಿಟಕಿಗಳ ಕಡೆಗೇ ಮುಖ ಮಾಡಿಕೊಂಡು ಹಿಂದೆ ಹಿಂದೆ ನಡೆದು ಗೇಟಿನ ತನಕ ಹೋದೆ. ವಾಚ್‌ಮನ್ ನಕ್ಕ. ನಗಲಿ ಬಿಡು.

ಭ್ರಮರಾಂಬ ಅವರ ಕೈಯಲ್ಲಿ ಒಂದು ಚೀಲ ಕೊಟ್ಟಿದ್ದೇನೆ. ಅಮ್ಮ ಮಾಡಿದ ಗವ್ವಲು, ಎರಡು ಟವೆಲು, ಮತ್ತೆ ನನ್ನ ಕೆಂಪು ಪೆನ್ನು. ಅದು ಇನ್ನು ನಿನ್ನದು.

ನನಗೆ ಬೈದು ಬರೆ. ಒಂದೇ ಸಾಲು ಬರೆ. ತೆಲುಗಿನಲ್ಲಿ ಬೇಕಾದರೂ ಬರೆ.

ಅಪ್ಪ

* * *

ವಿಶಾಖಪಟ್ಟಣ
12 ಅಕ್ಟೋಬರ್ 2025

ಸಿಂಧೂ,

ಹನ್ನೊಂದು ದಿನವಾಯಿತು. ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಅಮ್ಮ ಮೊದಲು ಓಡುತ್ತಾಳೆ, ನಾನು ಹಿಂದಿನಿಂದ. ಈಗೀಗ ಅವನು ನಮ್ಮ ಮನೆ ಮುಂದೆ ಗಂಟೆ ಬಾರಿಸದೆ ಹೋಗುತ್ತಾನೆ.

ಮನೆಯಲ್ಲಿ ಊಟದ ಟೇಬಲ್ಲಿನ ಮುಂದೆ ಕೂರಲಾಗುತ್ತಿಲ್ಲ. ಇಬ್ಬರೂ ನೆಲದ ಮೇಲೆ ಕೂತು ಉಣ್ಣುತ್ತೇವೆ. ಓದು ಬೇಡವೆನಿಸಿದರೆ ಬಿಟ್ಟು ಬಾ. ನಿನಗಾಗಿ ನಾನು ಕನಸು ಕಟ್ಟಿದ ನೌಕಾಪಡೆ, ಐಐಟಿ, ಯಾವುದೂ ಬೇಡ. ಬರುವುದೂ ಬೇಡ ಎನಿಸಿದರೆ, ಊಟ ಮಾಡುತ್ತಿದ್ದೇನೆ ಎಂದಷ್ಟೇ ಬರೆ. ನಿನಗೆ ಏನಾದರೂ ಆದರೆ ನಾನು ಉಳಿಯುವುದಿಲ್ಲ. ಇದನ್ನು ಬರೆಯಬಾರದು ಎಂದುಕೊಂಡೇ ಮೂರು ಹಾಳೆ ಹರಿದೆ, ಕಡೆಗೂ ಬರೆದೆ.

ಅಪ್ಪ

* * *

ಗನ್ನವರಂ
19 ಅಕ್ಟೋಬರ್ 2025, ಭಾನುವಾರ

ಅಪ್ಪಾ,

ಊಟ ಮಾಡುತ್ತಿದ್ದೇನೆ.

ಸೋಮವಾರ ಈಶ್ವರಯ್ಯ ಸಾರ್ ನಿಮ್ಮ ಎರಡನೇ ಕಾಗದವನ್ನು ಕ್ಲಾಸಿನಲ್ಲಿ ಓದಿದರು. ಪ್ರಿನ್ಸಿಪಾಲ್ ಓದಲಿಲ್ಲ, ಓದಬೇಡಿ ಎಂದೂ ಹೇಳಿದ್ದರಂತೆ. ಓದಿ ಮುಗಿಸಿ, "ಸಿಂಧೂರ ಹೇಳಿದ್ದು ಸರಿ, ನನಗೆ ಮೊದಲೇ ಗೊತ್ತಿತ್ತು" ಎಂದು ಬೋರ್ಡಿನ ಮೇಲೆ 180 ಹಾಕಿ ತೋರಿಸಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಭವಾನಿ ನನ್ನ ಕೈ ಹಿಡಿದುಕೊಂಡಳು. ಅಂಕ ಕೊಟ್ಟಿಲ್ಲ, ಕೊಡುವುದೂ ಇಲ್ಲ. ಮರುದಿನದಿಂದ ಸಾರನ್ನು ಬೇರೆ ಬ್ರಾಂಚಿಗೆ ಹಾಕಿದ್ದಾರೆ. ಹೋಗುವಾಗ ನನ್ನನ್ನು ಕರೆದು, ನೀವು ಮೊದಲು ಕಳಿಸಿದ ಆ ಐದು ಸಾಲಿನ ಹಾಳೆಯನ್ನು ಕೊಟ್ಟು ಹೋದರು. ಆಫೀಸಿನ ಫೈಲಿನಿಂದ ತೆಗೆದು ತಂದರಂತೆ.

ಅವತ್ತು ಕೆಳಗೆ ಬರಲು ನನಗೆ ಆಗಲಿಲ್ಲ. ನಿಮ್ಮ ಮುಖ ನೋಡಿದರೆ ಮತ್ತೆ ನೀವು ಹೇಳಿದ್ದನ್ನೇ ನಂಬಿಬಿಡುತ್ತೇನೆ ಎಂದು ಭಯವಾಯಿತು. ಕಿಟಕಿಯಿಂದ ನೋಡಿದೆ. ಎಡಗಡೆಯಿಂದ ಎರಡನೆಯದು ನನ್ನ ಕಿಟಕಿ. ಗೇಟಿನ ಹತ್ತಿರ ಕಲ್ಲು ಎಡವಿ ಬೀಳುವುದರಲ್ಲಿದ್ದಿರಿ ನೀವು. ನಾನು ಮೇಲಿನಿಂದ "ಅಪ್ಪಾ, ಕಲ್ಲು" ಎಂದು ಕೂಗಿದೆ. ನಿಮಗೆ ಕೇಳಿಸಲಿಲ್ಲ. ಆಮೇಲೆ ತುಂಬ ಹೊತ್ತು ಅತ್ತೆ.

ಆ ಹಾಳೆಯನ್ನು ಇದರೊಳಗೆ ಇಟ್ಟಿದ್ದೇನೆ. ಮೂರು ಸಾಲು ಸರಿಯಿದೆ. ನಾಲ್ಕನೆಯದರಲ್ಲಿ cಯ ಆಚೆಗೊಂದು ಈಚೆಗೊಂದು ಕೆಂಪು ಗೀಟು ಹಾಕಿದ್ದೇನೆ. c ಧನವಾಗಲಿ ಋಣವಾಗಲಿ, ಆ ಎರಡು ಗೀಟುಗಳ ನಡುವೆ ಕೂರಿಸಿದರೆ ಧನವಾಗಿಯೇ ಹೊರಗೆ ಬರುತ್ತದೆ. ಐದನೆಯದನ್ನು c ಧನವಾಗಿದ್ದಾಗ ಮಾತ್ರ ಬರೆಯಬೇಕು. ನಿಮ್ಮ ಲೆಕ್ಕ ಪೂರ್ತಿ ತಪ್ಪಲ್ಲ, ಅಷ್ಟೇ ಬಿಟ್ಟುಹೋಗಿತ್ತು. ಗೀಟು ಹಾಕುವಾಗ ಸರಿಯೋ ಅಲ್ಲವೋ ಎಂದು ಯಾರನ್ನೂ ಕೇಳಲಿಲ್ಲ.

ನಿಮ್ಮ ಅಕ್ಟೋಬರ್ ಹನ್ನೆರಡರ ಕಾಗದದಲ್ಲೂ ಒಂದು ತಪ್ಪಿದೆ. "ನಿನಗೆ ಏನಾದರೂ ಆದರೆ" ಎಂಬ ಸಾಲನ್ನು ಪೂರ್ತಿ ಹೊಡೆದುಹಾಕಿ ವಾಪಸ್ಸು ಕಳಿಸುತ್ತಿದ್ದೇನೆ. ಅಮ್ಮನಿಗೆ ಅದನ್ನು ಓದಿ ಹೇಳಬೇಡಿ.

ಮುಂದಿನ ಭಾನುವಾರ ಬನ್ನಿ. ಕೆಳಗೆ ಬರುತ್ತೇನೆ. ಪೆನ್ನು ನನ್ನ ಹತ್ತಿರವೇ ಇರುತ್ತದೆ.

ನಿಮ್ಮ ಮಗಳು,
ಸಿಂಧೂರ